ಒಬ್ಬರ ಮೊಹರು ಸಾಕು

ತ್ಸುಕುಬಾ
ಸೆಪ್ಟೆಂಬರ್ ೨೪, ೨೦೨೦

ಅಕ್ಕಾ,

ಫೋನಿನಲ್ಲಿ ಹೇಳಲಾಗದ್ದಕ್ಕೆ ಮೇಲ್ ಬರೆಯುತ್ತಿದ್ದೇನೆ. ನಿಶಾ ಕನ್ನಡ ಆಡುವುದು ನಾಲ್ಕು ಮಾತು, ಅರ್ಥ ಮಾಡಿಕೊಳ್ಳುವುದು ನಾನೂರು. ಐದು ವರ್ಷದ ಈ ಪುಟ್ಟ ವರದಿಗಾರ್ತಿ ಪ್ರತಿ ಸಂಜೆ ವಿಡಿಯೋದಲ್ಲಿ ಅಪ್ಪನಿಗೆ ದಿನದ ಸುದ್ದಿಯನ್ನೆಲ್ಲ ಜಪಾನೀಸಿನಲ್ಲಿ ಒಪ್ಪಿಸುತ್ತಾಳೆ.

ನನಗೆ ಎಂಟು ವಾರ ದಾಟಿದೆ. ಬೇಕೆಂದು ಆದದ್ದಲ್ಲ. ಕಿಶೋರ್‌ಗೆ ನಗೋಯಾದ ಕಾರು ಕಂಪನಿಯ ಕೆಲಸ, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಾನೆ. ಅಷ್ಟರಲ್ಲೇ ಆಗಿದೆ, ಬಿಡು.

ನಿಶಾ ಹುಟ್ಟಿದಾಗ ಏನಾಯಿತೆಂದು ನಿನಗೆ ಗೊತ್ತು. ರಕ್ತ ನಿಲ್ಲಲಿಲ್ಲ, ಮೂರು ವಾರ ಆಸ್ಪತ್ರೆ. ಗೊತ್ತಿಲ್ಲದ್ದು ಅದರ ನಂತರದ ವರ್ಷ. ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗಲು ನನಗೆ ಭಯವಾಗುತ್ತಿತ್ತು, ಬೀಳುತ್ತೇನೆಂದಲ್ಲ. ಯಾರಿಗೂ ಹೇಳಿರಲಿಲ್ಲ, ಈಗ ನಿನಗೆ ಹೇಳಿದೆ. ಮತ್ತೊಮ್ಮೆ ಆ ಕಡೆ ಹೋಗಿ ಬರುವ ಶಕ್ತಿ ನನ್ನಲ್ಲಿಲ್ಲ. ಸಂಶೋಧನಾ ಸಂಸ್ಥೆಯಲ್ಲಿ ನನ್ನ ಕೆಲಸದ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ ಎನ್ನುವುದು ಎರಡನೆಯ ಮಾತು. ಆದರೂ ಮಾತೇ.

ನನಗೆ ಈ ಬಸಿರು ಬೇಡ. ಹೀಗೆ ಒಂದು ಸಾಲಿನಲ್ಲಿ ಬರೆದದ್ದು ಇದೇ ಮೊದಲು.

ಕ್ಲಿನಿಕ್ಕಿನವರು ಒಂದು ಫಾರ್ಮ್ ಕೊಟ್ಟಿದ್ದಾರೆ. ಅದರಲ್ಲಿ ಎರಡು ಗೆರೆ. ಮೊದಲನೆಯದು ನನ್ನದು, ಎರಡನೆಯದು ಗಂಡನದು. ಜಪಾನಿನ ಕಾನೂನು ಹಾಗೆ. ಗಂಡ ಒಪ್ಪಿ ಸಹಿ ಹಾಕಬೇಕು, ಇಲ್ಲವೇ ಹಾಂಕೊ ಒತ್ತಬೇಕು. ನಿನಗೆ ತೋರಿಸಿದ್ದೆನಲ್ಲ, ಆ ಹೆಸರಿನ ಮೊಹರು. ಕಿಶೋರ್‌ನನ್ನು ಕೇಳಿದೆ. "ಅರ್ಜೆಂಟ್ ಏನಿದೆ, ನೋಡೋಣ" ಅಂದ. ಫಾರ್ಮನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಕಸ ಹಾಕುವ ದಿನಗಳ ಪಟ್ಟಿಯ ಪಕ್ಕದಲ್ಲಿ. ಹಾಲು ತೆಗೆಯುವಾಗಲೆಲ್ಲ ಅವನಿಗೆ ಕಾಣಲಿ ಎಂದು.

ಹನ್ನೆರಡು ವಾರದೊಳಗೆ ಸುಲಭ. ಅಕ್ಟೋಬರ್ ಹದಿನೇಳಕ್ಕೆ ಹನ್ನೆರಡು.

ಇಂದು


ಆರೋರಾ, ಕೊಲರಾಡೊ
ಸೆಪ್ಟೆಂಬರ್ ೨೬

ಇಂದೂ,

ಓದಿ ಅರ್ಧ ಗಂಟೆ ಕಾರಿನಲ್ಲೇ ಕೂತಿದ್ದೆ. ಆ ಬಾಲ್ಕನಿ ಮಾತು ನನಗೆ ಆವಾಗಲೇ ಹೇಳಬಾರದಿತ್ತೇನೇ? ಇರಲಿ, ಈಗ ಬೈಯುವುದಿಲ್ಲ.

ನನಗೆ ಒಂದು ಅರ್ಥವಾಗಲಿಲ್ಲ. ಕಿಶೋರನ ಆ ಮೊಹರು ನಿಮ್ಮ ಅಡುಗೆಮನೆಯ ಡ್ರಾಯರಿನಲ್ಲೇ ತಾನೇ ಇರುವುದು? ನಾನು ಬಂದಾಗ ನೋಡಿಲ್ಲವೇ, ನಿಶಾಳ ಶಾಲೆಯ ಚೀಟಿಗಳಿಗೆ ಅಪ್ಪನ ಮೊಹರನ್ನು ನೀನೇ ಟಪಟಪನೆ ಒತ್ತುತ್ತಿದ್ದೆ. ಜ್ವರ ಇಲ್ಲವೆನ್ನುವುದಕ್ಕೆ ಒಂದು, ಈಜಲು ಬಿಡಬಹುದೆನ್ನುವುದಕ್ಕೆ ಒಂದು. ಐದು ವರ್ಷದಿಂದ ಅವನ ಹೆಸರು ನಿನ್ನ ಕೈಯಲ್ಲಿದೆ. ಇದಕ್ಕೂ ಒಂದು ಒತ್ತು. ದೊಡ್ಡ ರಾಮಾಯಣ ಮಾಡಬೇಡ.

ಇಲ್ಲೂ ಅದೇ ಗಲಾಟೆ ನಡೆದಿದೆ. ನವೆಂಬರ್ ಮೂರಕ್ಕೆ ಚುನಾವಣೆ. ಮತಪತ್ರದಲ್ಲಿ ಆಳುವವರ ಹೆಸರಷ್ಟೇ ಅಲ್ಲ, ಪ್ರಶ್ನೆಗಳೂ ಇರುತ್ತವೆ. ಜನರೇ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಹೀಗೆ ಗುರುತು ಹಾಕಿಯೇ ಎಷ್ಟೋ ವರ್ಷದ ಹಿಂದೆ ಇಲ್ಲಿ ಗಾಂಜಾ ಮಾರಲು ಬಿಟ್ಟರು. ಈ ಸಲ ಬೇರೆ ರಾಜ್ಯಗಳಲ್ಲಿ ಗಾಂಜಾದ ಪ್ರಶ್ನೆ, ನಮ್ಮಲ್ಲಿ ಗರ್ಭಪಾತದ್ದು. ನೂರ ಹದಿನೈದನೆಯ ಪ್ರಶ್ನೆ: ಇಪ್ಪತ್ತೆರಡು ವಾರದ ನಂತರ ನಿಷೇಧಿಸಬೇಕೇ? ನಾನು ಸಿಟಿಜನ್ ಆಗಿ ಹಾಕುವ ಮೊದಲ ಓಟು. ಇಲ್ಲ ಎಂದು ಹಾಕಿ ನಿನ್ನ ಹೆಸರು ಹೇಳಿಕೊಳ್ಳುತ್ತೇನೆ.

ವಾಂತಿ ಇದೆಯಾ? ನಮ್ಮ ದಿನಸಿ ಅಂಗಡಿಯ ಪಕ್ಕದಲ್ಲೇ ಗಾಂಜಾ ಅಂಗಡಿ, ಬೋರ್ಡು ನೋಡಿದರೆ ಮೆಡಿಕಲ್ ಸ್ಟೋರ್ ಅನ್ನಬೇಕು. ಅವರ ಜೆಲ್ಲಿ ಮಿಠಾಯಿ ತಿಂದರೆ ವಾಂತಿ ನಿಲ್ಲುತ್ತದಂತೆ. ಕಳಿಸಲಾ?

ಈ ಹೊಸ ಮೇಲ್ ಐಡಿಗೇ ಬರಿ. ಹಳೆಯದರಲ್ಲಿ ಜಾಗ ತುಂಬಿಹೋಗಿದೆ.

ಶೈಲಜಾ


ತ್ಸುಕುಬಾ
ಅಕ್ಟೋಬರ್ ೫

ಅಕ್ಕಾ, ದಯವಿಟ್ಟು ಏನನ್ನೂ ಕಳಿಸಬೇಡ! ಇಲ್ಲಿ ಆ ಮಿಠಾಯಿಯ ಒಂದು ಚೂರು ಸಿಕ್ಕರೂ ಪೊಲೀಸರು ಮನೆಗೆ ಬರುತ್ತಾರೆ. ಬಸಿರಿನ ಜೊತೆ ಜೈಲು ಬೇರೆ ಯಾಕೆ?

ಕಿಶೋರ್ ಬಂದು ಹೋದ. ಬಂದವನು ಬಾತ್‌ರೂಮ್ ಉಜ್ಜಿದ, ಬಿಸಿಬೇಳೆಬಾತ್ ಮಾಡಿದ, ನನ್ನ ಸೈಕಲ್ಲಿನ ಬ್ರೇಕ್ ಸರಿಮಾಡಿದ. ಹಾಲು ತೆಗೆಯಲು ಆರು ಸಲ ಫ್ರಿಜ್ ತೆಗೆದ. ಫಾರ್ಮ್ ಅವನ ಮೂಗಿಗೆ ತಾಗುವಷ್ಟು ಹತ್ತಿರ. ಭಾನುವಾರ ನಾನೇ ಕೇಳಿದೆ.

"ಓದಿದ್ಯಾ?"

"ಓದ್ದೆ. ಜಪಾನೀಸ್ ಸ್ವಲ್ಪ ಟಫ್ ಇದೆ."

"ಎರಡು ಸಾಲು ಕಿಶೋರ್. ನೀನು ಎಪ್ಪತ್ತು ಪೇಜ್ ಸ್ಪೆಕ್ ಓದೋನು."

"ಇಂದು, ಪ್ರೆಷರ್ ಹಾಕ್ಬೇಡ. ನಾನು ನೋ ಅಂದಿಲ್ವಲ್ಲ. ನೋಡೋಣ."

ಅವನು ಕೈ ಎತ್ತುವವನಲ್ಲ, ಕೂಗುವವನಲ್ಲ, ಅದು ನಿನಗೆ ಗೊತ್ತಲ್ಲ. ಯಾರ ಹತ್ತಿರ ಅವನನ್ನು ದೂರಲಿ? ಬಚ್ಚಲು ತೊಳೆಯುವ ಗಂಡ ಎಂದು ಇಲ್ಲಿನ ಕನ್ನಡದ ಹೆಂಗಸರೆಲ್ಲ ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಅವನು ಹೊರಟ ಒಂದು ಗಂಟೆಗೆ ಮೈಸೂರಿನಿಂದ ಅತ್ತೆಯ ಫೋನು. "ಈ ಸಲ ಕೊರೊನಾ ಮುಗೀಲಿ, ಬಾಣಂತನಕ್ಕೆ ನಾನೇ ಬರ್ತೀನಿ ಕಣಮ್ಮ" ಎಂದರು. ನನಗೆ ನೋಡೋಣ, ಅವನ ಅಮ್ಮನಿಗೆ ಸಿಹಿ ಸುದ್ದಿ.

ಮೊಹರಿನ ವಿಷಯ. ಡ್ರಾಯರಿನ ಹಿಡಿಕೆಯವರೆಗೂ ಕೈ ಹೋಗಿತ್ತು. ಆದರೆ ಈಜುವ ಚೀಟಿಯೂ ಇದೂ ಒಂದೇ ಅಲ್ಲ. ಕ್ಲಿನಿಕ್ಕಿನವರು ಗಂಡನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಮಾರ್ಚಿಗೆ ನನ್ನ ವೀಸಾ ನವೀಕರಣ. ಸುಳ್ಳು ಮೊಹರು ಒತ್ತಿದಳು ಎಂದಾದರೆ? ಹದಿನೇಳನೆಯ ತಾರೀಖಿಗೆ ಅವನು ಮತ್ತೆ ಬರುತ್ತಾನೆ. ಅವನಿಂದಲೇ ಒತ್ತಿಸುತ್ತೇನೆ.

ಇಂದು


ಆರೋರಾ
ಅಕ್ಟೋಬರ್ ೧೪

ಇಂದೂ, ನಿನ್ನ ಪತ್ರ ಓದಿ ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿನ ಸಾರು ಹೊತ್ತಿತು.

ಹದಿನೇಳನೆಯ ತಾರೀಖೇ ಕೊನೆಯ ದಿನ ಎಂದು ನೀನೇ ಬರೆದಿದ್ದೆ. ಅವತ್ತಿನವರೆಗೆ ಕಾಯುತ್ತೀಯಾ? ಅವನು ಅವತ್ತೂ ಸೈಕಲ್ ರಿಪೇರಿ ಮಾಡುತ್ತಾನೆ. ನೀನು ಚಿಕ್ಕಂದಿನಿಂದಲೂ ಹೀಗೆಯೇ. ಎಲ್ಲರೂ ಒಪ್ಪಿದ ಮೇಲೆ ನಿನಗೆ ಬೇಕಾದ್ದನ್ನು ಮಾಡುವವಳು. ಅವನು ಹಾಗೆ, ಅತ್ತೆ ಹೀಗೆ, ವೀಸಾ ಹೀಗೆ ಎಂದು ನೆಪ ಹುಡುಕಬೇಡ. ಧೈರ್ಯ ಯಾರೂ ಕೊರಿಯರ್‌ನಲ್ಲಿ ಕಳಿಸುವುದಿಲ್ಲ.

ನನ್ನ ಮತಪತ್ರ ಬಂತು. ಇಲ್ಲಿ ಅಂಚೆಯಲ್ಲಿ ಮನೆಗೇ ಬರುತ್ತದೆ. ಗೋಡೆಯ ಕ್ಯಾಲೆಂಡರಿನ ಹಾಳೆಯಷ್ಟು ಉದ್ದ. ಊಟದ ಮೇಜಿನ ಮೇಲೆ ಹರಡಿಕೊಂಡು, ಕಪ್ಪು ಪೆನ್ನು ಹಿಡಿದು, ನೂರ ಹದಿನೈದರ ಎದುರು ಇಲ್ಲ ಎಂಬ ಚೌಕವನ್ನು ತುಂಬಿದೆ. ಲಕೋಟೆಯ ಮೇಲೆ ಸಹಿ ಹಾಕಿದೆ. ಎಷ್ಟು ಹೊತ್ತು? ಒಂದು ನಿಮಿಷ. ಯಾರನ್ನು ಕೇಳಿದೆ? ಯಾರನ್ನೂ ಇಲ್ಲ.

ನಿನ್ನ ಮೈ, ನಿನ್ನ ಮಾತು. ಡ್ರಾಯರ್ ತೆಗಿ.

ಶೈಲಜಾ


ತ್ಸುಕುಬಾ
ಅಕ್ಟೋಬರ್ ೧೮

ಅಕ್ಕಾ,

ಡ್ರಾಯರ್ ತೆಗೆದೆ. ಮೊಹರು ಇಲ್ಲ.

ಶುಕ್ರವಾರ ನಿಶಾಳ ಶಾಲೆಯಿಂದ ಚೀಟಿ ಬಂತು, ಗೆಣಸು ಅಗೆಯಲು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುತ್ತಾರಂತೆ, ಮೊಹರು ಬೇಕು. ಕೈ ಹಾಕಿದರೆ ಕತ್ತರಿ, ರಬ್ಬರ್ ಬ್ಯಾಂಡು, ಕೆಂಪು ಇಂಕಿನ ಡಬ್ಬಿ. ಡಬ್ಬಿಯ ಪಕ್ಕ ಐದು ವರ್ಷದಿಂದ ಮಲಗಿದ್ದ ಅದು ಮಾತ್ರ ಇಲ್ಲ. ಇಡೀ ಮನೆ ಹುಡುಕಿದೆ, ಕಸದ ಚೀಲವನ್ನೂ ಬಿಡಲಿಲ್ಲ. ನಿಶಾ ನಿಂತು ನೋಡಿ, "ಪಾಪಾ ತೊಗೊಂಡ್ ಹೋದ್ರು, ಬ್ಯಾಗಲ್ಲಿ" ಎಂದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು.

ಬಿಸಿಬೇಳೆಬಾತ್ ಮಾಡಿ, ಬ್ರೇಕ್ ಸರಿಮಾಡಿ, ಮೊಹರು ಎತ್ತಿಕೊಂಡು ಹೋಗಿದ್ದಾನೆ. ಅಂದರೆ ಅವನ ಉತ್ತರ ಅವತ್ತೇ ಸಿದ್ಧವಿತ್ತು. ಬಾಯಿಬಿಟ್ಟು ಹೇಳುವ ತೊಂದರೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ನನಗೆ ಎಷ್ಟು ಅವಮಾನವಾಯಿತೆಂದರೆ ಗೆಣಸಿನ ಚೀಟಿ ಹಿಡಿದುಕೊಂಡು ಅತ್ತುಬಿಟ್ಟೆ.

ನಿನ್ನೆ ಬರಬೇಕಿದ್ದವನು ಆಫೀಸಿನಲ್ಲಿ ರಿಲೀಸ್ ಇದೆ ಎಂದು ಬರಲಿಲ್ಲ. ಹನ್ನೆರಡು ವಾರ ಕಳೆಯಿತು. ಇನ್ನು ಆದರೆ ಹೆರಿಗೆಯ ಹಾಗೇ ನೋವು ಬರಿಸಿ ಮಾಡುತ್ತಾರೆ, ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ಆಮೇಲೆ ಪುರಸಭೆಗೆ ಹೋಗಿ ಸತ್ತು ಹುಟ್ಟಿತೆಂದು ಬರೆದುಕೊಡಬೇಕು. ಡಿಸೆಂಬರ್ ಇಪ್ಪತ್ತೈದು ಕಾನೂನಿನ ಕೊನೆಯ ದಿನ. ಇಪ್ಪತ್ತೆರಡು ವಾರ, ನಿಮ್ಮ ಪ್ರಶ್ನೆಯಲ್ಲಿರುವಷ್ಟೇ.

ನೂರು ಯೆನ್ನಿನ ಅಂಗಡಿಗೆ ಹೋದೆ. ಅಲ್ಲಿ ತಿರುಗುವ ಸ್ಟ್ಯಾಂಡಿನಲ್ಲಿ ಸಾವಿರ ಮೊಹರು ಸಿದ್ಧವಿರುತ್ತವೆ: ಸಾತೋ, ಸುಜುಕಿ, ತನಾಕಾ. ಯಾವ ಗಂಡನ ಹೆಸರು ಬೇಕಾದರೂ ಸಿಗುತ್ತದೆ, ನನ್ನ ಗಂಡನದು ಬಿಟ್ಟು. ಕೊನೆಗೆ ನಿಲ್ದಾಣದ ಹತ್ತಿರ ಕೆತ್ತಿಕೊಡುವ ಮುದುಕರ ಅಂಗಡಿ. ಚೀಟಿಯಲ್ಲಿ ಹೆಸರು ಬರೆದುಕೊಟ್ಟೆ. "ಕ್ಷಮಿಸಿ, ಇದು ತಮ್ಮ ಹೆಸರೇ?" ಎಂದು ಕೇಳಿದರು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಹೌದು ಎಂದೆ.

ನಿನ್ನ ಹಿಂದಿನ ಪತ್ರಕ್ಕೆ ಮೊದಲು ಸಿಟ್ಟು ಬಂದಿತ್ತು. ಆದರೆ ಊಟದ ಮೇಜಿನ ಮೇಲೆ ಕಪ್ಪು ಪೆನ್ನು ಹಿಡಿದು ಕೂತ ನಿನ್ನನ್ನು ನೆನೆಸಿಕೊಂಡೇ ಅಂಗಡಿಯ ಬಾಗಿಲು ತಳ್ಳಿದ್ದು. ಹೊಸ ಮೊಹರು ಈಗ ನನ್ನ ಕೋಟಿನ ಜೇಬಿನಲ್ಲಿದೆ. ಇನ್ನೂ ಒತ್ತಿಲ್ಲ.

ಇಂದು


ಆರೋರಾ
ಅಕ್ಟೋಬರ್ ೨೪

ಇಂದೂ, ಆರು ದಿನದಿಂದ ನಿನಗೆ ಬರೆಯಲು ಕೂತು ಏಳುತ್ತಿದ್ದೇನೆ. ಹುಷಾರಾಗಿದ್ದೀಯಾ? ಏನಾಯಿತೆಂದು ಒಂದು ಸಾಲು ಬರಿ. ಕೆಲಸ ಜಾಸ್ತಿ ಇತ್ತು, ಅದಕ್ಕೇ ತಡ.


ಆರೋರಾ
ಅಕ್ಟೋಬರ್ ೨೭

ಇಂದೂ,

ಕೆಲಸ ಜಾಸ್ತಿ ಇರಲಿಲ್ಲ.

ನಿನ್ನ ಭಾವನ ವಿಷಯ ನಿನಗೆ ಗೊತ್ತು. ಚಂದ್ರಕಾಂತ ಬಹಳ ಅಚ್ಚುಕಟ್ಟಿನ ಮನುಷ್ಯ. ಟ್ಯಾಕ್ಸ್, ಇನ್ಶೂರೆನ್ಸ್, ಪಾಸ್‌ಪೋರ್ಟ್, ಇಪ್ಪತ್ತು ವರ್ಷದಿಂದ ಮನೆಯ ಎಲ್ಲ ಫಾರ್ಮೂ ಅವರೇ ತುಂಬುತ್ತಾರೆ. ನನ್ನ ಸಹಿ ಬೇಕಾದಲ್ಲಿ ಹಳದಿ ಚೀಟಿ ಅಂಟಿಸಿ ಮೇಜಿನ ಮೇಲಿಡುತ್ತಾರೆ. ನಾನು ಹಳದಿ ಚೀಟಿ ಕಂಡಲ್ಲಿ ಸಹಿ ಹಾಕುತ್ತೇನೆ. ನನ್ನ ಹಳೆಯ ಮೇಲ್ ತುಂಬಿಹೋಗಿಲ್ಲ. ಅದರ ಪಾಸ್‌ವರ್ಡ್ ಇಟ್ಟಿರುವುದು ಅವರು. ಬೆಳಿಗ್ಗೆ ಕಾಫಿ ಜೊತೆ ಅವರ ಮೇಲ್ ಅನ್ನೂ ನನ್ನ ಮೇಲ್ ಅನ್ನೂ ಓದುತ್ತಾರೆ. ಮುಚ್ಚುಮರೆ ಇಲ್ಲದ ಸಂಸಾರ ಎಂದು ನಾನೇ ಎಷ್ಟು ಸಲ ಹೇಳಿಕೊಂಡಿಲ್ಲ?

ಮತಪತ್ರ ನಾನು ತುಂಬಲಿಲ್ಲ. ಹದಿಮೂರನೆಯ ತಾರೀಖು ಎರಡು ಲಕೋಟೆ ಬಂದವು. ಅವರು ಕೂತು ಎರಡನ್ನೂ ತುಂಬಿದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಿಂದಿನಿಂದ ಬಗ್ಗಿ ನೋಡಿದೆ. ನೂರ ಹದಿನೈದಕ್ಕೆ ಎರಡರಲ್ಲೂ ಹೌದು.

"ರೀ, ಅದು ನನ್ನದು, ಇಲ್ಲ ಅಂತ ಹಾಕ್ಬೇಕಿತ್ತು" ಎಂದೆ.

"ಇಪ್ಪತ್ತೆರಡು ವಾರ ಅಂದ್ರೆ ಐದು ತಿಂಗಳು ಶೈಲೂ. ಸಾಲ್ದಾ? ನೀನು ಪೂರ್ತಿ ಓದಿಲ್ಲ, ನಾನು ಓದಿದೀನಿ" ಎಂದರು. ತಾಳ್ಮೆಯಿಂದಲೇ ಹೇಳಿದರು. ಲಕೋಟೆಯ ಮೇಲೆ ಹಳದಿ ಚೀಟಿ ಇತ್ತು. ಕೈ ಒರೆಸಿಕೊಂಡು ಸಹಿ ಹಾಕಿದೆ. ಆ ಸಾರು ಹೊತ್ತಿದ್ದು ಅವತ್ತು, ನಿನ್ನ ಮೇಲಿನ ಸಿಟ್ಟಿನಿಂದಲ್ಲ.

ಆಮೇಲೆ ಬಂದು ನಿನಗೆ ಧೈರ್ಯದ ಪಾಠ ಮಾಡಿದೆ. ಇನ್ನೊಬ್ಬರ ಮೊಹರು ಒತ್ತು ಎಂದು ನಿನಗೆ ಹೇಳಿದ ನಾನೇ ನನ್ನ ಸಹಿಯನ್ನು ಇನ್ನೊಬ್ಬರ ಉತ್ತರದ ಕೆಳಗೆ ಹಾಕಿಕೊಟ್ಟಿದ್ದೆ.

ನಿನ್ನ ಪತ್ರ ಬಂದ ಮೇಲೆ ಲಕೋಟೆ ವಾಪಸು ತೆಗೆದುಕೊಳ್ಳೋಣವೆಂದು ಹುಡುಕಿದೆ. ಅವರು ಹಿಂದಿನ ದಿನವೇ ಲೈಬ್ರರಿಯ ಮುಂದಿನ ಪೆಟ್ಟಿಗೆಗೆ ಹಾಕಿ ಬಂದಿದ್ದರು. ಮರುದಿನ ನನ್ನ ಫೋನಿಗೆ ಸಂದೇಶ ಬಂತು: ನಿಮ್ಮ ಮತಪತ್ರ ತಲುಪಿದೆ, ನಿಮ್ಮ ಸಹಿ ಹೊಂದಿಕೆಯಾಗಿದೆ, ಧನ್ಯವಾದ.

ಕ್ಷಮಿಸು ಎನ್ನಲು ಮುಖವಿಲ್ಲ.

ಶೈಲಜಾ


ತ್ಸುಕುಬಾ
ನವೆಂಬರ್ ೧

ಅಕ್ಕಾ,

ಸಿಟ್ಟಿಲ್ಲ. ನೀನು ಸುಳ್ಳು ಬರೆದಾಗ ನನಗೆ ಬಂದ ಧೈರ್ಯ ನಿಜವಾದದ್ದೇ. ಆದರೆ ನೀನಾದರೂ ಹೊರಗಿದ್ದೀಯ ಎಂದುಕೊಂಡಿದ್ದೆ.

ನಿನ್ನೆ ನಿಶಾಳನ್ನು ಕರೆದುಕೊಂಡು ನಗೋಯಾಕ್ಕೆ ಹೋದೆ. ಹೇಳದೆ ಹೋದೆ. ಕಿಶೋರ್ ಬಾಗಿಲು ತೆಗೆದವನು ನಿಶಾಳನ್ನು ಎತ್ತಿ ಮುದ್ದಾಡಿ, ಕಾರ್ಟೂನ್ ಹಾಕಿಕೊಟ್ಟು, ನನಗೆ ಚಹಾ ಮಾಡಿದ. ಫಾರ್ಮನ್ನೂ ಹೊಸ ಮೊಹರನ್ನೂ ಮೇಜಿನ ಮೇಲಿಟ್ಟೆ.

"ಇದೆಲ್ಲಿಂದ ಬಂತು?"

"ಮಾಡಿಸ್ದೆ. ನೀನು ಹಳೇದನ್ನ ತಂದಿಟ್ಕೊಂಡ್ಯಲ್ಲ."

"ಕಳ್ದೋಗತ್ತೆ ಅಂತ ತಂದೆ." ಬೆರಳಿನಿಂದ ಮೊಹರನ್ನು ಉರುಳಿಸಿದ. "ನೀನೇ ಒತ್ಕೋಬಹುದಿತ್ತು."

"ಒತ್ಕೋಬಹುದಿತ್ತು. ನಿನ್ನ ಬಾಯಿಂದ ಕೇಳ್ಬೇಕು ಅಂತ ಬಂದೆ. ಹೌದು ಅನ್ನು, ಇಲ್ಲ ಅನ್ನು. ಒಂದು ಅನ್ನು."

ಅವನ ಕಣ್ಣಲ್ಲಿ ನೀರು ಬಂತು. "ನಾನು ಒತ್ತಿದ್ರೆ ನಾನೇ ಮಾಡ್ದಂಗಾಗತ್ತೆ ಇಂದು. ಅಮ್ಮಂಗೆ ಏನು ಹೇಳ್ಲಿ?"

"ಒತ್ತದೆ ಇದ್ರೂ ನೀನೇ ಮಾಡ್ದಂಗೆ. ನನ್ನ ಬಾಲ್ಕನಿ ವಿಷ್ಯ ನಾನು ಹೇಳ್ದೆ ಇದ್ರೂ ನಿಂಗೊಬ್ಬನಿಗೆ ಗೊತ್ತಾಗಿತ್ತು. ಆಗ ನೀನೇ ಬಾಗ್ಲಿಗೆ ಬೀಗ ಹಾಕಿದ್ದೆ."

"ಈ ಸಲ ನಾನಿರ್ತೀನಲ್ಲ. ಟೈಮ್ ಇದೆಯಲ್ಲ ಡಿಸೆಂಬರ್‌ವರೆಗೂ. ನೋಡೋಣ."

ನಿಲ್ದಾಣದವರೆಗೆ ಬಂದು ರೈಲಿಗೆ ಹತ್ತಿಸಿದ. ದಾರಿಗೆಂದು ಕೊಂಬಿನಿ ಅಂಗಡಿಯಲ್ಲಿ ಅನ್ನದುಂಡೆ ಕೊಡಿಸಿದ, ಮೀನಿಲ್ಲದ್ದನ್ನು ಹುಡುಕಿ. ರೈಲಿನಲ್ಲಿ, ಎದುರಿನ ಪುಟ್ಟ ಹಲಗೆಯನ್ನು ಬಿಡಿಸಿ, ಎರಡನೆಯ ಗೆರೆಯ ಮೇಲೆ ನಾನೇ ಒತ್ತಿದೆ. ಬುಧವಾರ ಕ್ಲಿನಿಕ್ಕಿಗೆ ಕೊಡುತ್ತೇನೆ. ಅವರು ಫೋನ್ ಮಾಡುತ್ತಾರೆ. ಕಿಶೋರ್ ಆಗ ಹೌದು ಎನ್ನಬೇಕು, ಅಥವಾ ಒಬ್ಬ ಡಾಕ್ಟರಿಗೆ ನನ್ನ ಹೆಂಡತಿ ಸುಳ್ಳು ಹೇಳಿದ್ದಾಳೆ ಎನ್ನಬೇಕು. ಎರಡರಲ್ಲಿ ಒಂದನ್ನು ಅವನು ಬಾಯಿಂದ ಆಡಲೇಬೇಕು.

ಇಂದು


ಆರೋರಾ
ನವೆಂಬರ್ ೪

ಇಂದೂ,

ನೂರ ಹದಿನೈದು ಬಿದ್ದುಹೋಯಿತು. ಇಲ್ಲ ಎಂದವರೇ ಹೆಚ್ಚು. ನನಗೆ ಬೇಕಾದದ್ದೇ ಆಯಿತು, ಆದರೆ ಕುಣಿಯಲು ಕಾಲು ಬರಲಿಲ್ಲ. ನನ್ನ ಓಟು ಸೋತವರ ಲೆಕ್ಕದಲ್ಲಿದೆ. ಯಾರೋ ಗುರುತಿಲ್ಲದ ಹೆಂಗಸರು ನನಗೆದುರಾಗಿ ಓಟು ಹಾಕಿ ನನ್ನ ಮಾತು ಉಳಿಸಿದರು.

ನಿನ್ನ ಭಾವನಿಗೆ ಇವತ್ತು ಹೇಳಿದೆ, ಇನ್ನು ಮೇಲೆ ನನ್ನ ಲಕೋಟೆ ಮುಟ್ಟಬೇಡಿ ಎಂದು. "ಆಯ್ತಪ್ಪ, ಅದಕ್ಯಾಕೆ ಅಳ್ತೀಯ?" ಎಂದು ಆಶ್ಚರ್ಯಪಟ್ಟರು. ಪಾಸ್‌ವರ್ಡ್ ಇನ್ನೂ ಕೇಳಿಲ್ಲ.

ಫೋನ್ ಬಂತಾ? ಏನೆಂದ?

ಶೈಲಜಾ


ತ್ಸುಕುಬಾ
ನವೆಂಬರ್ ೧೨

ಅಕ್ಕಾ,

ಕ್ಲಿನಿಕ್ಕಿನವರು ಮೂರು ದಿನ, ಮೂರು ಸಲ ಫೋನ್ ಮಾಡಿದರಂತೆ. ಅವನು ಎತ್ತಲಿಲ್ಲ.

ಇವತ್ತು ಕೌಂಟರಿನ ಹೆಂಗಸು ಫಾರ್ಮನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಎರಡೂ ಕೈಯಿಂದ ಹಿಡಿದು, ಬಗ್ಗಿ ನಮಸ್ಕರಿಸಿ ವಾಪಸು ಕೊಟ್ಟಳು. ಗಂಡನಿಂದ ಖಚಿತಪಡಿಸಿಕೊಳ್ಳದೆ ಆಗುವುದಿಲ್ಲ ಎಂದಳು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಗಂಡ ತೀರಿಕೊಂಡಿದ್ದರೆ, ಅಥವಾ ಎಲ್ಲಿದ್ದಾನೆಂದು ತಿಳಿಯದಿದ್ದರೆ, ನನ್ನದೊಂದೇ ಸಹಿ ಸಾಕಂತೆ. ನನ್ನ ಗಂಡ ಎರಡೂ ಅಲ್ಲ. ನಗೋಯಾದಲ್ಲಿದ್ದಾನೆ.

ಟೋಕಿಯೋದಲ್ಲಿ ಬೇರೆ ಕಡೆ ವಿಚಾರಿಸುತ್ತೇನೆ.

ಇಂದು


ಆರೋರಾ
ನವೆಂಬರ್ ೩೦

ಇಂದೂ, ಟೋಕಿಯೋ ಏನಾಯಿತು? ನಾನು ಬಂದುಬಿಡೋಣವೆಂದು ನೋಡಿದೆ. ಕೊರೊನಾ ಎಂದು ನಿಮ್ಮ ದೇಶದ ಬಾಗಿಲು ನಮಗೆ ಮುಚ್ಚಿದೆ. ಫೋನಿನಲ್ಲಿ ಬರೀ ಹವಾಮಾನ ಮಾತಾಡುತ್ತೀಯ.


ಆರೋರಾ
ಡಿಸೆಂಬರ್ ೨೪

ಇಂದೂ, ನಿಮ್ಮಲ್ಲಿ ಆಗಲೇ ಇಪ್ಪತ್ತೈದು. ನನಗೆ ತಾರೀಖು ಮರೆತಿಲ್ಲ. ಏನನ್ನೂ ಕೇಳುವುದಿಲ್ಲ. ಇದ್ದೇನೆ ಎಂದಷ್ಟೇ ಬರಿ.


ತ್ಸುಕುಬಾ
ಮೇ ೯, ೨೦೨೧

ಅಕ್ಕಾ,

ಮಗು ಹುಟ್ಟಿದ ಸುದ್ದಿಯನ್ನೂ ಫೋಟೋವನ್ನೂ ಕಿಶೋರ್ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾನೆ, ನೋಡಿರುತ್ತೀಯ. ಇಷ್ಟು ತಿಂಗಳು ನಿನಗೆ ಬರೆಯಲಿಲ್ಲ. ಬರೆದಿದ್ದರೆ ಮೊದಲ ಪತ್ರದ ಅದೇ ಒಂದು ಸಾಲು ಇರುತ್ತಿತ್ತು.

ಟೋಕಿಯೋದಲ್ಲಿ ಎರಡು ಕಡೆ ಹೋದೆ. ಒಂದು ಕಡೆ ಇಷ್ಟು ವಾರದ್ದನ್ನು ಮಾಡುವುದಿಲ್ಲ ಎಂದರು, ಇನ್ನೊಂದು ಕಡೆ ಅದೇ ಫಾರ್ಮ್, ಅದೇ ಫೋನ್. ಡಿಸೆಂಬರ್ ಇಪ್ಪತ್ತೈದರಂದು ಕಿಶೋರ್ ಕೊಂಬಿನಿಯಿಂದ ಸ್ಟ್ರಾಬೆರಿ ಕೇಕು ತಂದ. ನಾವು ಮೂವರೂ ತಿಂದೆವು. ಮರುದಿನ ಬೆಳಿಗ್ಗೆ ನಾನು ಮತ್ತೆ ಫ್ರಿಜ್ಜಿಗೆ ಅಂಟಿಸಿದ್ದ ಫಾರ್ಮನ್ನು ಅವನೇ ತೆಗೆದು, ಮಡಿಸಿ, ಕಾಗದದ ಕಸದ ದಿನಕ್ಕೆಂದು ಎತ್ತಿಟ್ಟ. ಹಳೆಯ ಮೊಹರು ಡ್ರಾಯರಿಗೆ, ನಾನು ಹಾಕಿಟ್ಟಿದ್ದ ಹೊಸದರ ಪಕ್ಕಕ್ಕೆ, ವಾಪಸು ಬಂದಿತ್ತು.

ಏಪ್ರಿಲ್ ಇಪ್ಪತ್ತೆಂಟಕ್ಕೆ ಹುಟ್ಟಿದಳು. ಈ ಸಲವೂ ರಕ್ತ ಹೋಯಿತು, ಕಳೆದ ಸಲದಷ್ಟಲ್ಲ. ಗುತ್ತಿಗೆ ಮಾರ್ಚಿಗೇ ಮುಗಿಯಿತು. ನನ್ನ ವೀಸಾ ಈಗ ಕಿಶೋರನ ಹೆಸರಿನ ಮೇಲಿದೆ. ಊರಿನಲ್ಲಿ ಕೊರೊನಾ ಹೀಗಿರುವಾಗ ಅತ್ತೆ ಬರುವ ಮಾತೇ ಇಲ್ಲ. ಮಗುವಿನ ಮೇಲೆ ಸಿಟ್ಟಿಲ್ಲ. ಪಾಪ, ಅದು ಯಾರ ಸಹಿಯನ್ನೂ ಕೇಳಿರಲಿಲ್ಲ. ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅವನ ಕೈಗೆ ಕೊಟ್ಟಿದ್ದೇನೆ. ನಾನೇ ಕೊಟ್ಟೆ. ಹೆದರಬೇಡ, ದಿನಾ ಫೋನ್ ಮಾಡು.

ಗುರುವಾರ ಪುರಸಭೆಗೆ ಹೋಗಿದ್ದೆವು, ಜನನ ಬರೆಸಲು. ನಾನು ಮಗುವನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಕಿಶೋರ್ ಫಾರ್ಮ್ ತುಂಬಿದ. ಕೌಂಟರಿನವಳ ಹತ್ತಿರ ನಾನು ಎದ್ದು ಹೋಗಿ ಕೇಳಿದೆ, ನಾನೆಲ್ಲಿ ಸಹಿ ಹಾಕಬೇಕು ಎಂದು.

ಅವಳು ನಕ್ಕು, ಕುರ್ಚಿಯ ಕಡೆ ಕೈ ತೋರಿಸಿ, ತಾವು ಸುಧಾರಿಸಿಕೊಳ್ಳಿ ಎಂದಳು. ಇದಕ್ಕೆ ಇಬ್ಬರದೂ ಬೇಡವಂತೆ. ತಂದೆ ತಾಯಿಯಲ್ಲಿ ಯಾರಾದರೂ ಒಬ್ಬರ ಮೊಹರು ಸಾಕು.

ಕಿಶೋರ್ ಜೇಬಿನಿಂದ ಮೊಹರು ತೆಗೆದು ಒತ್ತಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಯಾವುದನ್ನು ತಂದಿದ್ದಾನೆಂದು ಬಗ್ಗಿ ನೋಡಿದೆ. ನಾನು ಮಾಡಿಸಿದ ಹೊಸದು.

ಇಂದು